ಮಂಗಳೂರಿನಲ್ಲಿ ಅನ್ನದಾನದ ಪೂರ್ವೋತ್ತರ

ದಾಸೋಹವೆಂಬ ಶಬ್ದವನ್ನು ಕೇಳದ ಕನ್ನಡಿಗನು ವಿರಳನು. ಜಾತ್ರೆ, ಪುಣ್ಯಾರಾಧನೆ, ಪಟ್ಟಾಭಿಷೇಕಗಳ ಕಾಲದಲ್ಲಿ ಮಠಗಳ ಅಂಗಳದಲ್ಲಿ ಸಾವಿರಾರು ಮಂದಿ ಸಾಲಾಗಿ ಕುಳಿತು ಉಣ್ಣುವುದನ್ನು ಕಂಡವರು, ಅನ್ನಸಂತರ್ಪಣೆಗೆ ಇದೊಂದು ಪರ್ಯಾಯಪದವೆಂದೇ ಭಾವಿಸಿರುವುದುಂಟು. ಆದರೆ ಶಬ್ದದ ಮೂಲವನ್ನು ವಿಚಾರಿಸಿದರೆ ಅಲ್ಲಿ ಅನ್ನದ ಹೆಸರೇ ಇಲ್ಲ. ನಾನು ದಾಸನು ಎಂಬ ಭಾವವೊಂದೇ ಅಲ್ಲಿರುವುದು. ಅನ್ನವನ್ನು ಇಕ್ಕುವವನು ತನ್ನನ್ನು ದಾತನೆಂದು ಎಣಿಸದೆ ಉಣ್ಣುವವನ ಸೇವಕನೆಂದು ಎಣಿಸತಕ್ಕದ್ದು; ಇದೇ ಆ ಶಬ್ದದ ಜೀವಾಳ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಕೊಳ್ಳುವ ಕೈ ಕೆಳಗಿರುತ್ತದೆ. ದಾಸೋಹದಲ್ಲಿ ಈ ಕ್ರಮವು ತಲೆಕೆಳಗಾಗುವುದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಲೋಕಕ್ಕೆ ಹೊಸದಾಗಿ ಕೊಟ್ಟುದು ಅನ್ನವನ್ನಲ್ಲ. ಅನ್ನದಾನವು ಅವರಿಗಿಂತ ಬಹು ಹಿಂದೆಯೇ ಈ ದೇಶದಲ್ಲಿ ಇತ್ತು. ಅವರು ಕೊಟ್ಟುದು ಈ ಕ್ರಮವಿಪರ್ಯಾಸವನ್ನು.

ಆಯ್ದಕ್ಕಿ ಮಾರಯ್ಯನ ಕಥೆಯನ್ನು ಈ ಸಂಬಂಧದಲ್ಲಿ ನೆನೆಯಬೇಕು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮರಿಗೆ ನೀಡುವುದು ಆ ಬಡದಂಪತಿಗಳ ಕಾಯಕವಾಗಿತ್ತು. ಒಂದು ದಿನ ಅಂಗಳದಲ್ಲಿ ಎಂದಿಗಿಂತಲೂ ಹೆಚ್ಚು ಅಕ್ಕಿ ಬಿದ್ದಿರಲು ಮಾರಯ್ಯನು ಅಷ್ಟನ್ನೂ ಕಟ್ಟಿಕೊಂಡು ಮನೆಗೆ ಬಂದನು. ಅದನ್ನು ಕಂಡ ಲಕ್ಕಮ್ಮನು ನಿತ್ಯಕ್ಕೆ ಸಾಲುವಷ್ಟನ್ನು ಇರಿಸಿಕೊಂಡು ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಬಡವರೆಂಬ ಕನಿಕರದಿಂದ ಚೆಲ್ಲಿದ ಅಕ್ಕಿಯು ಆಕೆಗೆ ಬೇಡವಾಗಿತ್ತು. ಹಸಿದವರ ಮಾನದ ಪ್ರಶ್ನೆಯು ಹಸಿವಿನ ಪ್ರಶ್ನೆಗಿಂತ ಬೇರೆಯಾದುದಲ್ಲವೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರುವ ಕಥೆ ಮತ್ತೊಂದು ದೊರೆಯುವುದು ಕಷ್ಟ. ಇದರಂತೆಯೇ ಅಂತ್ಯಜಕುಲದ ನಾಗಿದೇವನ ಮನೆಯಲ್ಲಿ ಬಸವಣ್ಣನವರು ಪ್ರಸಾದ ಸ್ವೀಕರಿಸಿದರೆಂಬ ಕಥೆಯನ್ನೂ ಪುರಾಣಗಳು ಹೇಳುತ್ತವೆ. ಇಕ್ಕುವುದು ಸುಲಭ, ಯಾರನ್ನು ಕೀಳೆಂದು ಲೋಕವು ದೂರವಿಟ್ಟಿದೆಯೋ ಅವರ ಕೈಯಿಂದ ಉಣ್ಣುವುದು ಕಠಿನ. ಕಲ್ಯಾಣದಲ್ಲಿ ಎರಡೂ ನಡೆದುವು.

ಈ ಅಳತೆಗೋಲನ್ನು ಹಿಡಿದು ಘಟ್ಟದ ಕೆಳಗಣ ಮಂಗಳೂರು ಪಟ್ಟಣದ ಅನ್ನದಾನದ ಚರಿತ್ರೆಯನ್ನು ನೋಡಿದರೆ ಅನೇಕ ಸಂಗತಿಗಳು ವ್ಯಕ್ತವಾಗುವುವು. ಅವುಗಳಲ್ಲಿ ಕೆಲವು ಸಂತೋಷಕರವಾದುವು, ಕೆಲವು ಅಲ್ಲ.

ತುಳುವರು ಕುಡ್ಲವೆಂದೂ ಕೊಂಕಣಿಗರು ಕೊಡಿಯಾಲವೆಂದೂ ಕರೆಯುವ ಈ ಪಟ್ಟಣವು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಬೆಳೆದುದು. ಹದಿನಾಲ್ಕನೆಯ ಶತಮಾನದ ಮಧ್ಯಭಾಗದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತನು ಪಾರಸಿಕ ಮತ್ತು ಯೆಮೆನ್ ದೇಶದ ವರ್ತಕರು ಇಲ್ಲಿ ಇಳಿಯುವುದನ್ನು ಬರೆದಿರುವನು. ಹದಿನಾರನೆಯ ಶತಮಾನದ ಆದಿಯಲ್ಲಿ ಬಾರ್ಬೋಸನೆಂಬ ಪೋರ್ತುಗೀಸನು ಈ ಬಂದರಿನಿಂದ ಹಡಗುಗಟ್ಟಲೆ ಅಕ್ಕಿಯು ಮಲಬಾರಿಗೆ ಹೋಗುತ್ತಿದ್ದುದನ್ನು ಹೇಳುವನು. ಗೋವೆಯ ಪೋರ್ತುಗೀಸರಂತೂ ಕನ್ನಡ ಜಿಲ್ಲೆಯ ಅಕ್ಕಿಯನ್ನು ನಂಬಿಯೇ ಬದುಕುತ್ತಿದ್ದರು. ಕೆಳದಿಯ ಅರಸರೊಂದಿಗೆ ಅವರು ಮಾಡಿಕೊಂಡ ಒಪ್ಪಂದಗಳಲ್ಲಿ ಅಕ್ಕಿಯ ಮಾತು ತಪ್ಪದೆ ಬರುವುದು. ಎಣೆಲು, ಸುಗ್ಗಿ, ಕೊಳಕೆಗಳೆಂದು ವರುಷಕ್ಕೆ ಮೂರು ಬೆಳೆ ತೆಗೆಯಬಲ್ಲ ಗದ್ದೆಗಳು. ಬೈಹುಲ್ಲಿನಲ್ಲಿ ಕಟ್ಟಿದ ನಲವತ್ತೆರಡು ಸೇರಿನ ಅಕ್ಕಿಯ ಮುಡಿಗಳು. ಅವುಗಳನ್ನು ಹೇರಿಕೊಂಡು ಹೊರಡುವ ಹಾಯಿಹಡಗುಗಳು. ಹೊರಗಣ ಲೋಕಕ್ಕೆ ಅನ್ನವನ್ನು ಅಳೆದುಕೊಡುವ ಊರೆಂದೇ ಮಂಗಳೂರಿಗೆ ಕೀರ್ತಿಯಿತ್ತು.

ಇಂತಹ ಸೀಮೆಯಲ್ಲಿ ಅನ್ನದಾನಕ್ಕೆ ಕೊರತೆಯಿರಲಿಲ್ಲ. ತುಳುನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಇದು ತಿಳಿದ ವಿಷಯ. ದೇವರ ನೈವೇದ್ಯಕ್ಕೆ ಇಷ್ಟು ಹಾನೆ ಅಕ್ಕಿ, ಬ್ರಾಹ್ಮಣಭೋಜನಕ್ಕೆ ಇಷ್ಟು ಮುಡಿ ಅಕ್ಕಿ ಎಂದು ಗದ್ದೆಯ ಹೆಸರು, ಮೇರೆ, ಗೇಣಿಗಳ ಸಹಿತ ಕಲ್ಲಿನಲ್ಲಿ ಕೆತ್ತಿರುವರು. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಕರಾವಳಿಯನ್ನು ತಮ್ಮ ಅಧೀನಕ್ಕೆ ತಂದುಕೊಂಡ ಮೇಲೆ ಈ ಸಂಪ್ರದಾಯಕ್ಕೆ ವೀರಶೈವದ ಶಾಖೆಯೊಂದು ಸೇರಿತು. ಹಿರಿಯ ವೆಂಕಟಪ್ಪನಾಯಕನಿಂದ ಹಿಡಿದು ಶಿವಪ್ಪನಾಯಕ, ರಾಣಿ ಚೆನ್ನಮ್ಮಾಜಿ, 'ಶಿವತತ್ತ್ವರತ್ನಾಕರ'ವನ್ನು ರಚಿಸಿದ ಬಸವಪ್ಪನಾಯಕ ಇವರ ತನಕ ಆ ವಂಶದವರು ಘಟ್ಟದ ಮೇಲೂ ಕೆಳಗೂ ಮಹತ್ತಿನ ಮಠಗಳನ್ನು ಕಟ್ಟಿಸಿ, ಅವುಗಳ ಮಾಹೇಶ್ವರಪೂಜೆಗೆ ಉಂಬಳಿಗಳನ್ನು ಬಿಟ್ಟರು. ಶಿವಭಕ್ತರಾಗಿದ್ದೂ ಶೃಂಗೇರಿ, ಕೊಲ್ಲೂರು ಮೊದಲಾದ ಸ್ಥಳಗಳಿಗೂ ಇತರ ಮತಗಳ ದೇವಾಲಯಗಳಿಗೂ ಅವರು ದತ್ತಿಗಳನ್ನು ನಡೆಯಿಸಿದುದು ಅವರ ಔದಾರ್ಯಕ್ಕೆ ಸಾಕ್ಷಿ. ಘಟ್ಟವನ್ನು ಹತ್ತಿಳಿಯುವ ಜಂಗಮನಿಗೂ ಪಯಣಿಗನಿಗೂ ಮಠದ ಪಂಕ್ತಿಯಲ್ಲಿ ಎಲೆಯೊಂದು ಸಿದ್ಧವಾಗಿರುತ್ತಿತ್ತು. ೧೭೬೩ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ರಾಣಿ ವೀರಮ್ಮಾಜಿಯನ್ನು ಸೆರೆಯೊಯ್ದ ಬಳಿಕ ಆ ಆಶ್ರಯವು ತಪ್ಪಿತು. ೧೭೯೯ರಲ್ಲಿ ಸೀಮೆಯು ಕುಂಪಣಿಯ ಸರಕಾರಕ್ಕೆ ಸೇರಿದ ಮೇಲೆ, ಉಳಿದ ದೇವಸ್ಥಾನ ಮಠಗಳು ತಸ್ತೀಕಿನ ಮೊಬಲಗಿನಿಂದ ಹೇಗೋ ಕಾಲಕ್ಷೇಪ ಮಾಡಬೇಕಾಯಿತು.

ಆದರೆ ಈ ದತ್ತಿಶಾಸನಗಳನ್ನು ಓದುವಾಗ ವಿಚಾರಶೀಲರ ಮನಸ್ಸಿನಲ್ಲಿ ಒಂದು ಸಂದೇಹವು ಏಳದಿರದು. ಅವುಗಳಲ್ಲಿ ದೇವರ ಹೆಸರಿದೆ, ಬ್ರಾಹ್ಮಣರ ಹೆಸರಿದೆ, ಜಂಗಮರ ಹೆಸರಿದೆ. ಆ ಅಕ್ಕಿಯನ್ನು ಬೆಳೆದವರ ಹೆಸರೆಲ್ಲಿ? ಗದ್ದೆಯ ಕೆಸರಿನಲ್ಲಿ ನಿಂತು ನೇಜಿ ನೆಟ್ಟು, ಕೊಯ್ದು, ಬಡಿದು, ಮುಡಿ ಕಟ್ಟಿ ಹೊತ್ತವರು ಯಾವ ಪಂಕ್ತಿಯಲ್ಲಿ ಕುಳಿತರು?

ಅವರ ವಿಚಾರವು ತಿಳಿಯುವುದು ಶಾಸನಗಳಿಂದಲ್ಲ, ಕುಂಪಣಿಯ ಅಧಿಕಾರಿಗಳ ವರದಿಗಳಿಂದ. ೧೮೦೧ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಡಾಕ್ಟರ್ ಫ್ರಾನ್ಸಿಸ್ ಬುಕನನನು ಇಲ್ಲಿಯ ಒಕ್ಕಲುತನವನ್ನು ವಿಚಾರಿಸುತ್ತ, ಭೂಮಿಯೊಂದಿಗೆ ಕೊಡುಕೊಳ್ಳುವಿಕೆಗೆ ಒಳಪಟ್ಟ ಆಳುಗಳನ್ನೂ ಅವರಿಗೆ ಅಕ್ಕಿಯ ರೂಪದಲ್ಲಿ ಅಳೆದುಕೊಡುತ್ತಿದ್ದ ಕೂಲಿಯನ್ನೂ ಬರೆದಿಟ್ಟಿರುವನು. ಜನರ ಬಾಯಲ್ಲಿ ಇವರು ಮೂಲದ ಆಳುಗಳು. ೧೮೪೩ರ ಕಾನೂನು ದಾಸ್ಯವನ್ನು ಕಾಗದದ ಮೇಲೆ ತೊಡೆದುಹಾಕಿತಾದರೂ, ಧಣಿಯ ಸಾಲವೂ ಧಣಿಯ ಜಾಗದ ಗುಡಿಸಲೂ ಇರುವ ತನಕ ಮೂಲದ ಕಟ್ಟು ಸಡಿಲಲಿಲ್ಲ. ಅಕ್ಕಿಯನ್ನೇ ಕೂಲಿಯಾಗಿ ಪಡೆಯುವವನಿಗೆ ಕೆಲಸವಿಲ್ಲದ ದಿನವೆಂದರೆ ಅನ್ನವಿಲ್ಲದ ದಿನವೇ ಸರಿ.

ಅಂತಹ ದಿನಗಳು ಹೆಚ್ಚಾಗಿ ಬರುತ್ತಿದ್ದುದು ಆಟಿಯ ತಿಂಗಳಲ್ಲಿ. ನಾಟಿ ಮುಗಿದಿದೆ, ಕೊಯ್ಲು ದೂರವಿದೆ, ಹಗಲಿರುಳು ಮಳೆ, ಕಡಲು ಕೆರಳಿ ದೋಣಿಗಳು ದಡದಲ್ಲಿ ಮಗುಚಿ ಬಿದ್ದಿವೆ. ಈ ಕಾಲದಲ್ಲಿ ತುಳುನಾಡಿನ ಬಡವರು ತಜಂಕಿನ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಬೇಸಿಗೆಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ, ಮಣ್ಣಿನಲ್ಲಿ ಹೂತಿಟ್ಟ ಹಲಸಿನ ಬೀಜ ಇವುಗಳಿಂದ ದಿನ ಕಳೆಯುತ್ತಿದ್ದರು. ಇಂದು ಇವೇ ಪದಾರ್ಥಗಳನ್ನು ಆಟಿಯ ವಿಶೇಷಭಕ್ಷ್ಯಗಳೆಂದು ಪಟ್ಟಣದ ಸಭಾಭವನಗಳಲ್ಲಿ ಬಡಿಸಿ ಸಂಭ್ರಮಿಸುವರು. ಅದು ತಪ್ಪೆಂದಲ್ಲ, ಆದರೆ ಅವು ಹುಟ್ಟಿದುದು ನಾಲಗೆಯ ಚಾಪಲ್ಯದಿಂದಲ್ಲವೆಂಬುದನ್ನು ಮರೆಯಬಾರದು. ಮೈಗೆ ತಿರಿ ಸುತ್ತಿಕೊಂಡು, ಓಲೆಯ ಕೊಡೆ ಹಿಡಿದು, ಊರ ಮಾರಿಯನ್ನು ಕಳೆಯುವೆನೆಂದು ಮನೆಮನೆಗೆ ಬರುವ ಆಟಿ ಕಳೆಂಜನಿಗೆ ಅಕ್ಕಿ, ತೆಂಗಿನಕಾಯಿ, ಮೆಣಸು, ಉಪ್ಪುಗಳನ್ನು ಕೊಟ್ಟು ಕಳುಹಿಸುವ ಪದ್ಧತಿಯಲ್ಲಿಯೂ ಆ ತಿಂಗಳ ಹಸಿವಿನ ನೆರಳು ಕಾಣದಿರದು. ಕುಣಿಯುವವನ ಮನೆಯ ಒಲೆಯೂ ಹೀಗೆ ಕೆಲದಿನ ಉರಿಯುತ್ತಿತ್ತು.

ಹೀಗಾಗಿ ಮಂಗಳೂರಿನ ಹಸಿವು ಬಯಲುಸೀಮೆಯ ಹಸಿವಿನಂತಹುದಲ್ಲ. ೧೮೭೬ರಿಂದ ೧೮೭೮ರ ವರೆಗಿನ ಘೋರಕ್ಷಾಮದಲ್ಲಿ ಬಳ್ಳಾರಿ, ಧಾರವಾಡ, ಕಲಾದಗಿ, ಮೈಸೂರು ಸೀಮೆಗಳು ಸ್ಮಶಾನವಾದುವು. ೧೮೭೧ರಲ್ಲಿ ೫೦ ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ೪೨ ಲಕ್ಷಕ್ಕೆ ಇಳಿದಿತ್ತು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಳೆ ತಪ್ಪಲಿಲ್ಲ. ಆ ಅರ್ಥದ ಕ್ಷಾಮವು ಇಲ್ಲಿಗೆ ಬರಲಿಲ್ಲ. ಆದರೆ ಧಾನ್ಯದ ಬೆಲೆಯು ಎಲ್ಲೆಲ್ಲಿಯೂ ಏರಿದಾಗ ಕೂಲಿಯವನ ಪಾಡು ಏನಾಗಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅಂದಿಗೆ ಮಂಗಳೂರಿಗೆ ರೈಲು ಇರಲಿಲ್ಲ. ಅದು ಬಂದುದು ೧೯೦೭ರಲ್ಲಿ. ಬಯಲುಸೀಮೆಯಲ್ಲಿ ಜನರು ಅಕ್ಕಿಯಿಲ್ಲದೆ ಸತ್ತರು. ಕರಾವಳಿಯಲ್ಲಿ ಅಕ್ಕಿಯ ಮುಡಿಗಳ ನಡುವೆಯೇ ಒಂದು ವರ್ಗವು ತಲೆಮಾರುಗಳ ಕಾಲ ಅರೆಹೊಟ್ಟೆಯಲ್ಲಿತ್ತು. ಮೊದಲನೆಯದು ಸರಕಾರದ ಕಡತಗಳಲ್ಲಿ ಕ್ಷಾಮವೆಂದು ದಾಖಲಾಯಿತು. ಎರಡನೆಯದಕ್ಕೆ ಹೆಸರನ್ನೇ ಯಾರೂ ಇಡಲಿಲ್ಲ.

ಹಸಿವಿಗಿಂತಲೂ ಕ್ರೂರವಾದುದು ಅನ್ನದ ಮೂಲಕ ಮಾಡುವ ಅವಮಾನ. ಕಾಡಿನ ಬಳ್ಳಿಗಳಿಂದ ಬುಟ್ಟಿ ಹೆಣೆದು ಬದುಕುವ ಕೊರಗರೆಂಬ ಬಡಜನರನ್ನು ಈ ಸೀಮೆಯಲ್ಲಿ ಅಜಲೆಂಬ ಪದ್ಧತಿಗೆ ಗುರಿಮಾಡಿದ್ದರು. ರೋಗಿಯ ದೋಷ ಹೋಗಲೆಂದು ಅವನ ಕೂದಲು ಉಗುರುಗಳನ್ನು ಅನ್ನದಲ್ಲಿ ಬೆರಸಿ ಕೊರಗರಿಗೆ ಉಣಿಸುವುದು, ಸಮಾರಂಭಗಳಲ್ಲಿ ಎಂಜಲೆಲೆಗಳನ್ನು ಅವರಿಗೆ ಬಿಡುವುದು, ಕಂಬಳದ ಹಿಂದಣ ರಾತ್ರಿ ಅವರನ್ನು ಚಳಿಯಲ್ಲಿ ಕುಣಿಸುವುದು. ಇವೆಲ್ಲವೂ ಅಜಲಿನ ಅಂಗಗಳು. ಇದನ್ನು ಮಾಡಿದವರಲ್ಲಿ ಎಷ್ಟೋ ಮಂದಿ ತಾವು ಬಡವರಿಗೆ ಅನ್ನವಿಕ್ಕಿದೆವೆಂದೇ ತಿಳಿದಿದ್ದಿರಬಹುದು. ಕರ್ನಾಟಕ ಸರಕಾರವು ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನನ್ನು ಮಾಡಿದುದು ೨೦೦೦ದಲ್ಲಿ, ಅಂದರೆ ಸ್ವಾತಂತ್ರ್ಯ ಬಂದು ಐವತ್ತು ವರುಷಗಳು ಕಳೆದ ಮೇಲೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿಯನ್ನು ಮೊದಲು ಅಲುಗಿಸಿದವರು ಹೊರನಾಡಿನಿಂದ ಬಂದ ಕ್ರೈಸ್ತ ಧರ್ಮಬೋಧಕರು. ೧೮೩೪ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಶನ್ನಿನವರು, ಮತಾಂತರವಾದವರಿಗೆ ಧಣಿಗಳ ಜಾಗವೂ ಕುಲಕಸುಬೂ ತಪ್ಪಿಹೋಗುವುದನ್ನು ಕಂಡು, ಬರಿಯ ಭಿಕ್ಷೆಯು ಸಾಲದೆಂದು ನೇಯ್ಗೆಯ ಶಾಲೆಗಳನ್ನೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಜೆಸುಯಿಟ್ ಪಾದ್ರಿಯಾದ ಫಾದರ್ ಅಗಸ್ಟಸ್ ಮುಲ್ಲರರು ೧೮೮೦ರಲ್ಲಿ ಕಂಕನಾಡಿಯಲ್ಲಿ ಬಡವರಿಗೆ ಔಷಧ ಕೊಡತೊಡಗಿ, ೧೮೯೦ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದರು. ಮನೆಯವರೇ ಹೊರಹಾಕಿದ ರೋಗಿಗೆ ಅಲ್ಲಿ ಔಷಧದೊಡನೆ ಅನ್ನವೂ ದೊರೆಯಿತು. ಇವರ ಮತಪ್ರಚಾರದ ವಿಷಯದಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಆದರೆ ಊರಿನ ದೇವಾಲಯ ಮಠಗಳ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರಿಗೆ ಇವರು ಬಾಗಿಲು ತೆರೆದರೆಂಬುದು ಸತ್ಯ.

ಊರಿನವರೇ ಆದ ಒಬ್ಬರು ಇದೇ ಕಾರ್ಯಕ್ಕೆ ಕೈಹಾಕಿದುದು ಅನಂತರ. ಅವರೇ ಕುದ್ಮುಲ್ ರಂಗರಾಯರು. ೧೮೫೯ರ ಜೂನ್ ೨೯ರಂದು ಕಾಸರಗೋಡು ಸೀಮೆಯಲ್ಲಿ ಸಾರಸ್ವತ ಬ್ರಾಹ್ಮಣರ ಮನೆಯಲ್ಲಿ ಜನಿಸಿ, ಎಳೆತನದಲ್ಲಿಯೇ ತಂದೆಯನ್ನು ಕಳೆದುಕೊಂಡು, ಹೊಟ್ಟೆಪಾಡಿಗಾಗಿ ಮಂಗಳೂರಿಗೆ ಬಂದರು. ಉಪಾಧ್ಯಾಯರಾಗಿ ದುಡಿಯುತ್ತಲೇ ಓದಿ ವಕೀಲರಾದರು. ೧೮೭೦ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾಗಿದ್ದ ಬ್ರಹ್ಮಸಮಾಜದ ಸಂಪರ್ಕವು ಅವರಿಗೆ ಒದಗಿತು. ಅದನ್ನು ಆರಂಭಿಸುವಲ್ಲಿ ಮುಂದಾದವರು ಬಿಲ್ಲವರಾದ ಅರಸಪ್ಪನವರೆಂಬುದು ಗಮನಿಸತಕ್ಕ ಸಂಗತಿ. ಜಾತಿಯನ್ನು ಅಲ್ಲಗಳೆಯುವ ಮಾತು ಆ ಸಮಾಜದಲ್ಲಿ ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಬಾಯಲ್ಲಿಯೂ ಇತ್ತು. ರಂಗರಾಯರು ಅದನ್ನು ಬೀದಿಗೆ ತಂದರು.

೧೮೯೨ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರು, ಅಂದು ಪಂಚಮರೆಂದು ಕರೆಯಲ್ಪಡುತ್ತಿದ್ದ ಅಸ್ಪೃಶ್ಯರ ಮಕ್ಕಳಿಗಾಗಿ ಒಂದು ಪಾಠಶಾಲೆಯನ್ನು ತೆರೆದರು. ಮೇಲ್ಜಾತಿಯವರ ವಿರೋಧವು ಒಡನೆಯೇ ಎದ್ದಿತು. ಶಾಲೆಯು ಒಂದೆಡೆಯಲ್ಲಿ ನಿಲ್ಲಲಾರದೆ ಕಂಬ್ಳ, ಅತ್ತಾವರಗಳಿಗೆ ಅಲೆದು ಕೊನೆಗೆ ಕೊಡಿಯಾಲಬೈಲಿನ ಶೇಡಿಗುಡ್ಡೆಯಲ್ಲಿ ನೆಲೆಕಂಡಿತು. ರಂಗರಾಯರಿಗೆ ಜಾತಿಯಿಂದ ಬಹಿಷ್ಕಾರವಾಯಿತು. ಕ್ಷೌರಿಕನು ಬರಲಿಲ್ಲ, ಅಗಸನು ಬಟ್ಟೆ ಮುಟ್ಟಲಿಲ್ಲ, ನೆಂಟರು ಮನೆಯ ಮೆಟ್ಟಿಲು ತುಳಿಯಲಿಲ್ಲ. ೧೮೯೭ರಲ್ಲಿ ಅವರು ಈ ಕಾರ್ಯಕ್ಕಾಗಿಯೇ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ಇದೇ ಹೆಸರಿನ ಸಂಸ್ಥೆಯನ್ನು ಮುಂಬಯಿಯಲ್ಲಿ ಕಟ್ಟಿದುದು ೧೯೦೬ರಲ್ಲಿ; ಮಂಗಳೂರಿನದು ಅದಕ್ಕಿಂತ ಒಂಬತ್ತು ವರುಷಗಳಷ್ಟು ಹಿಂದಿನದು.

ಶಾಲೆಯನ್ನು ತೆರೆದರೆ ಸಾಕೆ? ಮಕ್ಕಳು ಬರಬೇಕಷ್ಟೆ. ಮಕ್ಕಳು ಬರಲಿಲ್ಲ. ಇದಕ್ಕೆ ಅವರ ಅಜ್ಞಾನವೇ ಕಾರಣವೆಂದು ಊರಿನ ವಿದ್ಯಾವಂತರು ತೀರ್ಮಾನಿಸಿದ್ದರೆ ಆಶ್ಚರ್ಯವಿಲ್ಲ. ರಂಗರಾಯರು ಕಂಡ ಕಾರಣವು ಬೇರೆ. ಧಣಿಯ ದನ ಮೇಯಿಸಿದರೆ ಹುಡುಗನಿಗೆ ಮಧ್ಯಾಹ್ನ ಒಂದು ಗೆರಟೆ ಗಂಜಿ ಹುಟ್ಟುತ್ತದೆ. ಶಾಲೆಗೆ ಹೋದರೆ ಅದು ತಪ್ಪುತ್ತದೆ. ಮನೆಯಲ್ಲಿ ಹಂಚಿ ಉಣ್ಣುವ ಅನ್ನವೇ ಇಲ್ಲದಿರುವಾಗ ಮಗುವಿನ ಒಂದು ಹೊತ್ತಿನ ಗಂಜಿಯನ್ನು ಬಿಟ್ಟುಕೊಡೆಂದು ತಾಯಿಗೆ ಹೇಳುವುದು ಹೇಗೆ? ಆದುದರಿಂದ ಅವರು ಶಾಲೆಗೆ ಬಂದ ಮಗುವಿಗೆ ದಿನಕ್ಕೆ ಎರಡು ಪೈಸೆಯಂತೆ ಕೊಡುವ ಏರ್ಪಾಡನ್ನು ಮಾಡಿದರು. ಮಧ್ಯಾಹ್ನದ ಊಟವನ್ನೂ ಶಾಲೆಯಲ್ಲಿಯೇ ಇಕ್ಕಿಸಿದರು. ಪುಸ್ತಕಕ್ಕಿಂತ ಮೊದಲು ತಟ್ಟೆ, ಅಕ್ಷರಕ್ಕಿಂತ ಮೊದಲು ಅನ್ನ. ಹಣವೆಲ್ಲಿಂದ ಬರಬೇಕು? ಮೊದಲು ತಮ್ಮ ವಕೀಲಿಯ ಸಂಪಾದನೆ. ಅದು ಸಾಲದೆ ಹೋದಾಗ ಊರಿನವರೆದುರಿಗೂ ಪರಊರಿನವರೆದುರಿಗೂ ಕೈಯೊಡ್ಡಿದರು. ಬಹಿಷ್ಕರಿಸಿದವರ ಬಾಗಿಲಿಗೂ ಹೋಗಬೇಕಾಗಿದ್ದಿತು. ಜೋಳಿಗೆ ಹಿಡಿದು ಭಿಕ್ಷೆ ಬೇಡಿ ಮಠದ ಹುಡುಗರನ್ನು ಸಾಕಿದ ಸ್ವಾಮಿಗಳ ಕಥೆಗಳನ್ನು ಕೇಳಿ ಬೆಳೆದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಊಟದ ಹಿರಿಮೆಯು ಇನ್ನೊಂದು ಘಟನೆಯೊಡನೆ ಹೋಲಿಸಿದಾಗ ತಿಳಿಯುವುದು. ಹಿಂದೂದೇಶದಲ್ಲಿ ಶಾಲೆಯ ಮಕ್ಕಳಿಗೆ ಮಧ್ಯಾಹ್ನದ ಆಹಾರ ಕೊಟ್ಟ ಆದ್ಯರೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವುದು ಮದರಾಸಿನ ನಗರಸಭೆ. ಪಿಟ್ಟಿ ತ್ಯಾಗರಾಯ ಚೆಟ್ಟಿಯವರು ಅಧ್ಯಕ್ಷರಾಗಿದ್ದಾಗ, ೧೯೨೦ರಲ್ಲಿ, ಸಾವಿರ ದೀಪವೆಂಬ ಬಡಾವಣೆಯ ಶಾಲೆಯಲ್ಲಿ ಮಗುವೊಂದಕ್ಕೆ ದಿನಕ್ಕೆ ಒಂದಾಣೆಗೆ ಮೀರದ ವೆಚ್ಚದಲ್ಲಿ ತಿಂಡಿ ಕೊಡಬೇಕೆಂದು ಆ ಸಭೆಯು ನಿರ್ಣಯಿಸಿತು. ಅದು ಬೇರೆ ಕೆಲವು ಶಾಲೆಗಳಿಗೂ ಹಬ್ಬಿತು. ಆದರೆ ಪ್ರಾಥಮಿಕ ವಿದ್ಯಾಭ್ಯಾಸದ ನಿಧಿಯಿಂದ ಊಟಕ್ಕೆ ಹಣ ತೆಗೆಯಕೂಡದೆಂದು ಸರಕಾರವು ಅಡ್ಡಿಮಾಡಲು, ೧೯೨೫ರಲ್ಲಿ ಅದು ನಿಂತುಹೋಯಿತು. ಅದೇ ಮದರಾಸು ಆಧಿಪತ್ಯದ ಒಂದು ಮೂಲೆಯಲ್ಲಿದ್ದ ಮಂಗಳೂರಿನಲ್ಲಿ ವಕೀಲರೊಬ್ಬರು ಯಾವ ನಗರಸಭೆಯ ನಿರ್ಣಯವೂ ಇಲ್ಲದೆ ಅದಕ್ಕೆ ಬಹು ಮುಂಚೆಯೇ ಇದನ್ನು ಮಾಡಿದ್ದರು. ದಾನಿಯ ಆಯುಷ್ಯವನ್ನು ನಂಬಿದ ಊಟಕ್ಕೂ ಲೆಕ್ಕಪತ್ರದವರ ಮರ್ಜಿಯನ್ನು ನಂಬಿದ ಊಟಕ್ಕೂ ಅಪಾಯ ಸಮಾನವಾದುದೇ. ಆದರೂ ಮಂಗಳೂರಿನ ಗಂಜಿಗೆ ಆಕ್ಷೇಪಣೆ ಬರೆಯುವ ಗುಮಾಸ್ತನಿರಲಿಲ್ಲವೆಂಬುದು ಒಂದು ಸುದೈವ.

ಊಟದಿಂದಲೇ ಹಸಿವು ನೀಗದೆಂಬುದನ್ನೂ ರಂಗರಾಯರು ಅರಿತಿದ್ದರು. ನಾಳೆ ಧಣಿಯು ಎದ್ದುಹೋಗೆಂದರೆ ಹೋಗಬೇಕಾದವನಿಗೆ ಇಂದಿನ ಊಟದಿಂದ ಆಗುವ ಉಪಕಾರವೆಷ್ಟು? ಆದುದರಿಂದ ಅವರು ನಿವೇಶನಗಳನ್ನು ಸಂಪಾದಿಸಿ ಬಡವರಿಗೆ ಹಂಚಿ, ಕೊರಗರೇ ಮೊದಲಾದವರಿಗೆ ವಸತಿಗಳನ್ನು ಏರ್ಪಡಿಸಿದರು. ನೇಯ್ಗೆ, ಬಡಗಿ ಕೆಲಸಗಳನ್ನು ಕಲಿಸುವ ಶಾಲೆಯನ್ನು ನಡೆಯಿಸಿದರು. ಹೊರಊರಿನ ಹುಡುಗರಿಗಾಗಿ ವಸತಿಗೃಹವನ್ನು ತೆರೆದರು. ದಡ್ಡಲಕಾಡು, ಬೋಳೂರು, ಅತ್ತಾವರ, ಮೂಲ್ಕಿ, ಉಡುಪಿ ಮೊದಲಾದ ಕಡೆಗಳಲ್ಲಿ ಶಾಲೆಗಳಾದುವು. ಸ್ವಂತ ಮನೆಯಲ್ಲಿಯೂ ಅವರು ನುಡಿದಂತೆ ನಡೆದರು. ಮಗಳು ರಾಧಾಬಾಯಿಯವರನ್ನು ಓದಿಸಿ, ಬೇರೆ ಜಾತಿಯವರೂ ಬೇರೆ ಭಾಷೆಯವರೂ ಆದ ಡಾಕ್ಟರ್ ಪಿ. ಸುಬ್ಬರಾಯನ್ ಅವರಿಗೆ ಮದುವೆಮಾಡಿಕೊಟ್ಟರು. ಆ ಅಳಿಯಂದಿರು ೧೯೨೬ರಿಂದ ೧೯೩೦ರ ವರೆಗೆ ಮದರಾಸಿನ ಮುಖ್ಯಮಂತ್ರಿಗಳಾಗಿದ್ದರು; ರಾಧಾಬಾಯಿಯವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋಗಿದ್ದರು.

ರಂಗರಾಯರ ಆಶೆಯೊಂದು ಮಂಗಳೂರಿನಲ್ಲಿ ಇಂದಿಗೂ ಜನಜನಿತವಾಗಿದೆ. ತಮ್ಮ ಶಾಲೆಯಲ್ಲಿ ಓದಿದ ಹುಡುಗನು ಸರಕಾರದ ಉದ್ಯೋಗವನ್ನು ಹಿಡಿದು ತನ್ನೂರ ದಾರಿಯಲ್ಲಿ ವಾಹನದಲ್ಲಿ ಸಾಗುವಾಗ, ಅದರ ಚಕ್ರದಿಂದೆದ್ದ ಧೂಳು ತಮ್ಮ ತಲೆಗೆ ತಗಲಿದರೆ ಜನ್ಮ ಸಾರ್ಥಕವಾಗುವುದೆಂದು ಅವರು ಹೇಳುತ್ತಿದ್ದರಂತೆ. ಉಂಡವನ ರಥದ ಧೂಳನ್ನು ಉಣಿಸಿದವನು ತಲೆಯಲ್ಲಿ ಧರಿಸುವ ಈ ಬಯಕೆಯು ಬ್ರಹ್ಮಸಮಾಜದ ಗ್ರಂಥಗಳಿಂದ ಬಂದುದೋ ಅನ್ಯಮೂಲದಿಂದ ಬಂದುದೋ ಹೇಗೆ ಹೇ­ಳುವುದು? ಅವರು ಲಿಂಗಧಾರಿಗಳಲ್ಲ, ಕಲ್ಯಾಣದ ಪರಂಪರೆಗೆ ಸೇರಿದವರಲ್ಲ. ಆದರೆ ದಾಸೋಹದ ಮೂಲಾರ್ಥವನ್ನು ಬಲ್ಲವರು ಈ ಮಾತನ್ನು ತಮ್ಮದಲ್ಲವೆಂದು ಹೇಳಲಾರರು. ಅನ್ನದ ಋಣವನ್ನು ಇಲ್ಲಿ ಹೊತ್ತವನು ಉಂಡವನಲ್ಲ, ಇಕ್ಕಿದವನು.

ಘಟ್ಟದ ಮೇಲೆ ಲಿಂಗಾಯತ ಮಠಗಳಲ್ಲಿ ಇದೇ ಕಾಲಕ್ಕೆ ಮತ್ತೊಂದು ಧಾರೆಯು ಹರಿಯತೊಡಗಿತ್ತು. ಹಾನಗಲ್ಲ ಕುಮಾರಸ್ವಾಮಿಗಳು ೧೯೦೯ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಓದುವ ಬಡಹುಡುಗರಿಗೆ ಉಚಿತ ಪ್ರಸಾದನಿಲಯವನ್ನು ತೆರೆದರು. ತುಮಕೂರಿನ ಸಿದ್ಧಗಂಗೆಯಲ್ಲಿ ಉದ್ಧಾನಶಿವಯೋಗಿಗಳು ನಡೆಯಿಸಿಕೊಂಡು ಬಂದ ದಾಸೋಹವನ್ನು ೧೯೪೧ರಲ್ಲಿ ವಹಿಸಿಕೊಂಡ ಶ್ರೀ ಶಿವಕುಮಾರ ಸ್ವಾಮಿಗಳು, ೨೦೧೯ರ ಜನವರಿ ೨೧ರಂದು ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವ ವೇಳೆಗೆ, ಜಾತಿಮತಗಳ ಭೇದವಿಲ್ಲದೆ ಸುಮಾರು ಹತ್ತು ಸಾವಿರ ವಿದ್ಯಾರ್ಥಿಗಳು ಅಲ್ಲಿ ಉಂಡು ಓದುತ್ತಿದ್ದರು. ಅನ್ನವನ್ನೂ ಅಕ್ಷರವನ್ನೂ ಒಂದೇ ಪಂಕ್ತಿಯಲ್ಲಿ ಬಡಿಸಿದ ಈ ಮಠಗಳಿಗೂ ಶೇಡಿಗುಡ್ಡೆಯ ಶಾಲೆಗೂ ಪರಸ್ಪರ ಪರಿಚಯವಿದ್ದಂತೆ ತೋರದು. ಒಂದೇ ಹಸಿವನ್ನು ಕಂಡವರು ಒಂದೇ ಉಪಾಯವನ್ನು ಕಂಡುಕೊಂಡರು. ಆದರೆ ಮಠಗಳ ಪ್ರಸಾದನಿಲಯಗಳಲ್ಲಿಯೂ ಆರಂಭದಲ್ಲಿ ಎಲ್ಲೆಡೆಯೂ ಎಲ್ಲ ಜಾತಿಯವರಿಗೆ ಎಡೆಯಿರಲಿಲ್ಲವೆಂಬುದನ್ನು ಮುಚ್ಚಿಡುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಬಸವಣ್ಣನವರ ಹೆಸರಿನಲ್ಲಿ ನಡೆಯುವ ಮನೆಗಳು ನಾಗಿದೇವನ ಮಕ್ಕಳಿಗೆ ಬಾಗಿಲು ತೆರೆಯಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಆಯಾ ಮಠದ ದಾಖಲೆಗಳೇ ಹೇಳಬೇಕು.

ಮಂಗಳೂರಿನಲ್ಲಿಯೂ ರಂಗರಾಯರ ಉದ್ಯಮದ ಬಳಿಕ ಪಂಕ್ತಿಯು ಮೆಲ್ಲಮೆಲ್ಲನೆ ಅಗಲವಾಯಿತು. ದೇವಾಲಯಗಳೊಳಕ್ಕೆ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ಶ್ರೀ ನಾರಾಯಣಗುರುಗಳು ೧೯೧೨ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಿಸಿದರು. ಅಲ್ಲಿಯ ಅನ್ನದಾನಕ್ಕೆ ಜಾತಿಯ ಮೇರೆಯಿಲ್ಲ. ೧೯೪೨ರಲ್ಲಿ ಬರ್ಮಾ ದೇಶವು ಜಪಾನೀಯರ ವಶವಾಗಿ ಅಲ್ಲಿಂದ ಅಕ್ಕಿ ಬರುವುದು ನಿಂತಾಗ, ಮದರಾಸು ಆಧಿಪತ್ಯವೆಲ್ಲ ಅಕ್ಕಿಗಾಗಿ ರೇಶನ್ ಚೀಟಿ ಹಿಡಿದು ನಿಲ್ಲಬೇಕಾಯಿತು. ಉಳ್ಳವರಿಗೂ ಅಕ್ಕಿಯನ್ನು ಅಳೆದುಕೊಡುವ ಆ ಕಾಲದಲ್ಲಿ, ಅಳತೆಯ ಅನ್ನವೆಂದರೇನೆಂಬುದು ಎಲ್ಲ ವರ್ಗದವರಿಗೂ ಕೆಲಮಟ್ಟಿಗೆ ತಿಳಿದಿರಬೇಕು. ೧೯೫೬ರಲ್ಲಿ ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿತು.

ಶಾಲೆಯ ಊಟವು ಮರಳಿ ಬಂದುದು ೨೦೦೧ರ ನವೆಂಬರ್ ೨೮ರಂದು ಸರ್ವೋಚ್ಚ ನ್ಯಾಯಾಲಯವು ಕೊಟ್ಟ ಆಜ್ಞೆಯ ತರುವಾಯ. ಸರಕಾರದ ಮತ್ತು ಸರಕಾರದ ನೆರವು ಪಡೆಯುವ ಪ್ರಾಥಮಿಕ ಶಾಲೆಗಳ ಪ್ರತಿಯೊಂದು ಮಗುವಿಗೂ ಬೇಯಿಸಿದ ಊಟವನ್ನು ಕೊಡತಕ್ಕದ್ದೆಂದು ಆಜ್ಞೆಯಾಯಿತು. ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, ಮರುವರುಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿದ ಈ ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಕಲ್ಯಾಣದ ಶಬ್ದವೊಂದು ಎಂಟು ಶತಮಾನಗಳ ಬಳಿಕ ಸರಕಾರದ ಕಡತವನ್ನು ಸೇರಿತು. ಇದರಿಂದ ಮಠಗಳಿಗೆ ಅಭಿಮಾನವಾಗುವುದು ಸಹಜ. ಕಾನೂನಿನ ಮೂಲಕ ಬಂದ ಈ ಊಟವನ್ನು ಮಗುವು ಯಾರ ಕನಿಕರದಿಂದಲೂ ಪಡೆಯುವುದಿಲ್ಲ, ಹಕ್ಕಿನಿಂದ ಪಡೆಯುತ್ತದೆ. ಅಂಗಳದಲ್ಲಿ ಬೇಕೆಂದೇ ಚೆಲ್ಲಿದ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನಿಗೆ ಈ ಭೇದವು ಮೆಚ್ಚುಗೆಯಾಗುತ್ತಿತ್ತು. ಆದರೂ ಬಡಿಸುವ ಅಡಿಗೆಯವಳು ಯಾವ ಜಾತಿಯವಳೆಂದು ವಿಚಾರಿಸಿ ಮಕ್ಕಳನ್ನು ಪಂಕ್ತಿಯಿಂದ ಎಬ್ಬಿಸಿದ ಪ್ರಸಂಗಗಳು ನಾಡಿನಲ್ಲಿ ನಡೆಯದೆ ಇಲ್ಲ. ಕೊರಗರ ಮನೆಗಳಿಗೆ ಮಳೆಗಾಲದಲ್ಲಿ ಅಕ್ಕಿ, ಬೇಳೆ, ಮೊಟ್ಟೆ, ಎಣ್ಣೆಗಳನ್ನು ಸರಕಾರವೇ ಹಂಚುವ ವ್ಯವಸ್ಥೆಯೂ ಬಂದಿದೆ. ಆಟಿಯ ಹಸಿವು ಇಪ್ಪತ್ತೊಂದನೆಯ ಶತಮಾನಕ್ಕೂ ಬಂದು ಮುಟ್ಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗೆ ಸರಕಾರದ ಊಟವುಂಟು, ಆದರೆ ಪರಊರಿನಿಂದ ಅವನ ಜೊತೆಗೆ ಬಂದು ಮೊಗಸಾಲೆಯಲ್ಲಿ ಮಲಗುವ ಹೆಂಡತಿಗೋ ತಾಯಿಗೋ ಊಟವಿಲ್ಲ. ಇದನ್ನು ಕಂಡು ಊರಿನ ದಾನಿಗಳು ಇತ್ತೀಚಿನ ವರುಷಗಳಲ್ಲಿ ಅಲ್ಲಿ ರಾತ್ರಿಯ ಊಟವನ್ನು ಹಂಚತೊಡಗಿದರು; ಅದಕ್ಕಾಗಿ ಸಾಲಿನಲ್ಲಿ ನಿಲ್ಲುವವರಲ್ಲಿ ಘಟ್ಟದ ಮೇಲಿಂದ ಬಂದವರೂ ಅನೇಕರಿರುವರು.

ಇನ್ನು ರಂಗರಾಯರ ಕಡೆಯ ದಿನಗಳು. ಮುಪ್ಪಿನಲ್ಲಿ ಅವರು ತಮ್ಮ ಸಂಸ್ಥೆಯನ್ನು ಗೋಖಲೆಯವರು ಸ್ಥಾಪಿಸಿದ್ದ ಭಾರತ ಸೇವಕ ಸಮಾಜದವರ ಕೈಗೆ ಒಪ್ಪಿಸಿದರು. ೧೯೨೭ರಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಈಶ್ವರಾನಂದರೆನಿಸಿದರು. ೧೯೨೮ರ ಜನವರಿ ೩೦ರಂದು ದೇಹವನ್ನು ಬಿಟ್ಟರು. ತಮ್ಮ ಶವವನ್ನು ಊರಿನ ತೋಟಿಗಳೇ ಹೊರಬೇಕೆಂದು ಅವರು ಮೊದಲೇ ಹೇಳಿಟ್ಟಿದ್ದರು, ಹಾಗೆಯೇ ನಡೆಯಿತು. ೧೯೩೪ರ ಫೆಬ್ರವರಿಯಲ್ಲಿ ಹರಿಜನಯಾತ್ರೆಯ ಸಂದರ್ಭದಲ್ಲಿ ಮಂಗಳೂರಿಗೆ ಬಂದ ಮಹಾತ್ಮಾ ಗಾಂಧಿಯವರು ಆ ಸಂಸ್ಥೆಯನ್ನು ಸಂದರ್ಶಿಸಿ, ಅಸ್ಪೃಶ್ಯತಾನಿವಾರಣೆಯ ಕಾರ್ಯದಲ್ಲಿ ರಂಗರಾಯರನ್ನು ತಮಗೆ ಗುರುಸಮಾನರೆಂದು ಸ್ಮರಿಸಿದುದು ಪ್ರಸಿದ್ಧವಾಗಿದೆ. ಮಂಗಳೂರಿನ ಪುರಭವನಕ್ಕೆ ಈಗ ಅವರ ಹೆಸರಿದೆ. ಸಮಾಧಿಯು ಅತ್ತಾವರದ ಬಾಬುಗುಡ್ಡೆಯಲ್ಲಿರುವುದು.